ವರ್ಷಕ್ಕೆ 55 ದಿನ: ನಮ್ಮ ಮನೆ ಗುಂಪಿನ ಚರ್ಚೆ

ಗಿರೀಶ ಚಿಕ್ಕಪ್ಪ: [ಚಿತ್ರ: ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್, 17ನೇ ಲೋಕಸಭೆಯ (2019–24) ಲೆಕ್ಕ]
ನೋಡಿ, ನಮ್ಮ ಸಂಸದರಿಗೆ ವರ್ಷಕ್ಕೆ 55 ದಿನ ಕೆಲಸ. ಮಿಕ್ಕ 310 ದಿನ ರಜೆ. ಸಂಬಳ ಮಾತ್ರ ಪೂರ್ತಿ. ಎಲ್ಲಾ ಗುಂಪಿಗೂ ಕಳಿಸಿ.

ರತ್ನ ಅತ್ತೆ: ಅಯ್ಯೋ ದೇವರೇ. ನಮ್ಮ ತೆರಿಗೆ ದುಡ್ಡು 🙏

ಪ್ರವೀಣ: ಲಿಂಕ್ ಎಲ್ಲಿ ಚಿಕ್ಕಪ್ಪ? 2000 ರೂಪಾಯಿ ನೋಟಿನಲ್ಲಿ ಚಿಪ್ ಇದೆ ಅಂತ ಕಳಿಸಿದ್ದೂ ನೀವೇ ಅಲ್ವಾ?

ಗಿರೀಶ ಚಿಕ್ಕಪ್ಪ: ಅದು 2016ರ ಮಾತು. ಆಗ ಟಿವಿಯಲ್ಲೂ ಬಂದಿತ್ತು. ಇನ್ನೂ ಎಷ್ಟು ವರ್ಷ ಅದನ್ನೇ ಹಿಡಿದುಕೊಂಡು ಕೂರುತ್ತೀಯ?

ದೊಡ್ಡಪ್ಪ: ಪ್ರವೀಣ, ದೊಡ್ಡವರ ಹತ್ತಿರ ಮಾತಾಡುವ ರೀತಿ ಇದಲ್ಲ. ಈಗ ಯಾರಿಗೂ ದುಡಿಯುವುದು ಬೇಕಿಲ್ಲ. ಮನೆಯಲ್ಲೂ ಅಷ್ಟೇ, ಸಂಸತ್ತಿನಲ್ಲೂ ಅಷ್ಟೇ.

ಪ್ರವೀಣ: ರೀತಿ ಇರಲಿ ದೊಡ್ಡಪ್ಪ. ಈ ಸಂಸ್ಥೆ ಯಾವ ಪಕ್ಷದ್ದು?

ಶ್ರುತಿ: ಯಾವ ಪಕ್ಷದ್ದೂ ಅಲ್ಲ. 2005ರಲ್ಲಿ ದೆಹಲಿಯಲ್ಲಿ ಶುರುವಾದ ಲಾಭರಹಿತ ಸಂಸ್ಥೆ. ಯಾವ ಸರ್ಕಾರ ಮಸೂದೆ ತಂದರೂ ಅದರಲ್ಲಿ ಏನಿದೆ ಅಂತ ಸಾರಾಂಶ ಬರೆದು, ಮೂಲ ಮಸೂದೆಯ ಜೊತೆಗೇ ಹಾಕುತ್ತಾರೆ. ರಜೆ ಅಂತ ಅವರು ಎಲ್ಲೂ ಬರೆದಿಲ್ಲ, ಅದು ಚಿಕ್ಕಪ್ಪ ಸೇರಿಸಿದ್ದು. ಐದು ವರ್ಷದಲ್ಲಿ 274 ದಿನ ಸದನ ಸೇರಿತ್ತು, ಅಷ್ಟೇ. ಸದನ ಇಲ್ಲದ ದಿನ ಮಸೂದೆಗಳನ್ನು ಪರಿಶೀಲಿಸುವ ಸಂಸದರ ಸಮಿತಿಗಳ ಸಭೆ ಇರುತ್ತದೆ, ಕ್ಷೇತ್ರದ ಕೆಲಸ ಇರುತ್ತದೆ.

ಗಿರೀಶ ಚಿಕ್ಕಪ್ಪ: ಅಂದರೆ ನಾನು ಸುಳ್ಳು ಹೇಳಿದೆ ಅಂತಾನಾ?

ಪ್ರವೀಣ: 2020ರಲ್ಲಿ ಕೊರೋನಾ ಇತ್ತು. ಆ ವರ್ಷ ಲೋಕಸಭೆ ಸೇರಿದ್ದೇ 33 ದಿನ. ಅದನ್ನೂ ಹೇಳಬೇಕಲ್ಲ.

ಶ್ರುತಿ: ಹೇಳೋಣ. ಆದರೆ ಕೊರೋನಾ ಇಲ್ಲದ 16ನೇ ಲೋಕಸಭೆಯೂ ಐದು ವರ್ಷಕ್ಕೆ 331 ದಿನವೇ ಸೇರಿದ್ದು. ಮೊದಲನೇ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಸೇರಿತ್ತು.

ಮಂಜು: ಮೊದಲನೇ ಲೋಕಸಭೆ ಅಂದ ಕೂಡಲೇ ಅಜ್ಜನ ರೇಡಿಯೋ ನೆನಪಾಯಿತು. ಪ್ರದೇಶ ಸಮಾಚಾರ ಮುಗಿಯುವ ತನಕ ಯಾರೂ ತುಟಿ ಬಿಚ್ಚುವ ಹಾಗಿರಲಿಲ್ಲ. ಆ ಮರ್ಫಿ ಈಗ ಯಾರ ಮನೆಯಲ್ಲಿದೆ?

ರತ್ನ ಅತ್ತೆ: ಗಿರೀಶ ಒಯ್ದ. ಅಮ್ಮ ಅದನ್ನು ನನಗೆ ಅಂತ ಹೇಳಿದ್ದರು.

ಗಿರೀಶ ಚಿಕ್ಕಪ್ಪ: ರಿಪೇರಿಗೆ ಒಯ್ದಿದ್ದು ಅಕ್ಕಾ. ಕೇಳಿದ್ದರೆ ಕೊಡುತ್ತಿದ್ದೆ.

ರತ್ನ ಅತ್ತೆ: ಕೇಳಿದ್ದೆ. ಪ್ರವೀಣನ ಉಪನಯನದ ದಿನ, ಎಲ್ಲರ ಎದುರಿಗೆ.

ದೊಡ್ಡಪ್ಪ: ರತ್ನಾ, ಇದು ಗುಂಪಿನಲ್ಲಿ ಮಾತಾಡುವ ವಿಷಯವಲ್ಲ.

ಶ್ರುತಿ: ಒಂದು ನಿಮಿಷ ಕೇಳಿ. ಆ ಲೆಕ್ಕದಲ್ಲಿ ಇನ್ನೂ ದೊಡ್ಡ ವಿಷಯ ಇದೆ. ಶೇ. 35ರಷ್ಟು ಮಸೂದೆಗಳು ಲೋಕಸಭೆಯಲ್ಲಿ ಒಂದು ಗಂಟೆಯೂ ಚರ್ಚೆಯಾಗದೆ ಪಾಸಾಗಿವೆ. ಸಮಿತಿಗೆ ಹೋಗಿದ್ದು ಶೇ. 16 ಮಾತ್ರ. 15ನೇ ಲೋಕಸಭೆಯಲ್ಲಿ (2009–14) ಶೇ. 71 ಹೋಗಿದ್ದವು. ನಾವು ತೋಟ ಮಾಡುವ ಜನ. ಮೂರು ಕೃಷಿ ಮಸೂದೆ 2020ರ ಸೆಪ್ಟೆಂಬರ್ 14ಕ್ಕೆ ಮಂಡನೆಯಾದವು, 20ರ ಹೊತ್ತಿಗೆ ಎರಡು ಮಸೂದೆ ಎರಡೂ ಸದನ ದಾಟಿದ್ದವು. ಒಂದೂ ಸಮಿತಿಗೆ ಹೋಗಲಿಲ್ಲ. 2021ರ ನವೆಂಬರ್ 29ಕ್ಕೆ ಅವನ್ನು ರದ್ದು ಮಾಡುವ ಮಸೂದೆ ಬಂತು. ಲೋಕಸಭೆಯಲ್ಲಿ ಚರ್ಚೆಯೇ ಇಲ್ಲ, ಅದೇ ದಿನ ಎರಡೂ ಕಡೆ ಪಾಸು. ತಂದಾಗಲೂ ಅವಸರ, ತೆಗೆದಾಗಲೂ ಅವಸರ. ಕಾಯ್ದೆ ಬೇಕಿತ್ತೋ ಬೇಡವೋ, ಅದು ಬೇರೆ. ಸಮಿತಿಗೆ ಹೋಗಿದ್ದರೆ ರೈತರನ್ನು ಕರೆದು ಕೇಳಬಹುದಿತ್ತು. ನನಗೆ ಬೇಜಾರು ಅದಕ್ಕೆ.

ದೊಡ್ಡಪ್ಪ: ಆಗಿನ ಸರ್ಕಾರವೇ ಚೆನ್ನಾಗಿತ್ತು ಅಂತ ಹೇಳುತ್ತಿದ್ದೀಯಾ? ನಿಮ್ಮಪ್ಪನೂ ಮೊದಲಿಂದ ಹಾಗೇ.

ಶ್ರುತಿ: ಅಪ್ಪನನ್ನು ಯಾಕೆ ಎಳೆಯುತ್ತೀರಿ ದೊಡ್ಡಪ್ಪ? ನಾನು ಹೇಳಿದ್ದು ಸಮಿತಿ ವಿಷಯ.

ಪ್ರವೀಣ: ಲಿಂಕ್ ಹಾಕು ಶ್ರುತಿ, ಓದುತ್ತೇನೆ.

ಶ್ರುತಿ: ಹಾಕಿದೆ. ಪೂರ್ತಿ ಓದು, ಮೊದಲ ಸಾಲು ಮಾತ್ರ ಅಲ್ಲ.

ರತ್ನ ಅತ್ತೆ: ಗಿರೀಶ, ಭಾನುವಾರ ಬರುವಾಗ ರೇಡಿಯೋ ತಗೊಂಡು ಬಾ.

ಗಿರೀಶ ಚಿಕ್ಕಪ್ಪ: ಭಾನುವಾರ ನಾನು ಊರಲ್ಲಿ ಇರುವುದಿಲ್ಲ ಅಕ್ಕಾ.