ಬುಧವಾರ ಸಂಜೆಯ ರೇಸ್: ಯಾವಾಗಲೂ ಒಂದೇ ದೋಣಿ ಗೆಲ್ಲುತ್ತಿದ್ದರೆ ರೇಟಿಂಗ್ ಬದಲಿಸಬೇಕಾ?

ಸಂಜೆಗಾಳಿ:
ನಮ್ಮ ಕ್ಲಬ್‌ನಲ್ಲಿ ಬುಧವಾರ ಸಂಜೆ ಕೆಲಸ ಮುಗಿಸಿ ಬಂದವರೆಲ್ಲ ಸೇರಿ ಹಾಯಿದೋಣಿ ರೇಸ್ ಮಾಡುತ್ತೇವೆ. ದೊಡ್ಡ ಪಂದ್ಯವೇನಲ್ಲ, ಗೆದ್ದವರಿಗೆ ಚಪ್ಪಾಳೆ ಅಷ್ಟೇ. ಆದರೆ ಒಂದು ದೋಣಿಗೂ ಇನ್ನೊಂದಕ್ಕೂ ಹೋಲಿಕೆಯೇ ಇಲ್ಲ. 22 ಅಡಿಯ ಹಳೇ ಕ್ರೂಸರ್ (ವಿಹಾರದ ದೋಣಿ) ಇದೆ, ಅಡುಗೆಮನೆ, ಹಾಸಿಗೆ ಎಲ್ಲ ಇರುವ 36 ಅಡಿಯ ಸಂಸಾರದ ದೋಣಿ ಇದೆ, ರೇಸಿಗೆಂದೇ ಕಟ್ಟಿದ ಹಗುರ ದೋಣಿಗಳೂ ಇವೆ. ಎಲ್ಲರಿಗೂ ಪಿಎಚ್‌ಆರ್‌ಎಫ್ ರೇಟಿಂಗ್ (ದೋಣಿಯ ವೇಗ ನೋಡಿ ಕೊಡುವ ಸಂಖ್ಯೆ, ವೇಗದ್ದಕ್ಕೆ ಕಡಿಮೆ, ನಿಧಾನದ್ದಕ್ಕೆ ಜಾಸ್ತಿ) ಹಾಕಿ, ಮೈಲಿಗೆ ಇಷ್ಟು ಸೆಕೆಂಡ್ ಅಂತ ಕಳೆದು ಫಲಿತಾಂಶ ಹೇಳುತ್ತೇವೆ. ಕೋರ್ಸ್ ಸುಮಾರು 4 ನಾಟಿಕಲ್ ಮೈಲಿ.

ತೊಂದರೆ ಏನಂದರೆ, ರೇಟಿಂಗ್ 90 ಇರುವ ದೋಣಿಯೊಂದು ಹೆಚ್ಚುಕಡಿಮೆ ಪ್ರತಿ ವಾರ ಗೆಲ್ಲುತ್ತಿದೆ. 180, 270 ರೇಟಿಂಗಿನವರಿಗೆ ಬೇಸರ ಬಂದಿದೆ, ಒಬ್ಬಿಬ್ಬರು ಬರುವುದನ್ನೇ ನಿಲ್ಲಿಸಿದ್ದಾರೆ. ಈಗ ಕೆಲವರು ಹೇಳುವುದು, ಆ ದೋಣಿಯ ರೇಟಿಂಗನ್ನು 12 ಸೆಕೆಂಡ್ ಇಳಿಸಿಬಿಡಿ, ಸರಿಹೋಗುತ್ತದೆ ಅಂತ. ಅದರ ಯಜಮಾನರಿಗೆ ಸಹಜವಾಗಿಯೇ ಸಿಟ್ಟು. ಲೆಕ್ಕ ಇಡುವವನು ನಾನು, ಎರಡೂ ಕಡೆಯವರ ಬೈಗುಳ ನನಗೇ. ಏನು ಮಾಡೋದು?

ಗಡಿಯಾರದವನು:
ರೇಟಿಂಗ್ ಮುಟ್ಟುವ ಮೊದಲು ಲೆಕ್ಕ ಹಾಕುವ ವಿಧಾನ ನೋಡಿ. ನೀವು ಮಾಡುತ್ತಿರುವುದು ದೂರದ ಮೇಲಿನ ಲೆಕ್ಕ. 90ರ ದೋಣಿ 180ರ ದೋಣಿಗೆ ಮೈಲಿಗೆ 90 ಸೆಕೆಂಡ್ ಬಿಟ್ಟುಕೊಡಬೇಕು, 4 ಮೈಲಿಗೆ 6 ನಿಮಿಷ. ಗಾಳಿ ಜೋರಾಗಿದ್ದು 40 ನಿಮಿಷದಲ್ಲಿ ರೇಸ್ ಮುಗಿದರೂ 6 ನಿಮಿಷ, ಗಾಳಿ ಸತ್ತು ಒಂದೂವರೆ ಗಂಟೆ ತೆವಳಿದರೂ ಅದೇ 6 ನಿಮಿಷ. ತೆವಳುವ ದಿನ ನಿಧಾನದ ದೋಣಿಗೆ ಇದು ಯಾವ ಮೂಲೆಗೆ ಸಾಲುತ್ತದೆ ಹೇಳಿ?

ಸಮಯದ ಮೇಲಿನ ಲೆಕ್ಕಕ್ಕೆ ಬದಲಾಯಿಸಿ. 550ಕ್ಕೆ ರೇಟಿಂಗ್ ಕೂಡಿಸಿ, ಆ ಮೊತ್ತದಿಂದ 650 ಅನ್ನು ಭಾಗಿಸಿ. ಬಂದ ಸಂಖ್ಯೆಯಿಂದ ದೋಣಿ ತೆಗೆದುಕೊಂಡ ಸಮಯವನ್ನು ಗುಣಿಸಿ, ಅಷ್ಟೇ. 90ಕ್ಕೆ 1.0156 ಬರುತ್ತದೆ, 180ಕ್ಕೆ 0.8904. ಈಗ 90ರ ದೋಣಿ 40 ನಿಮಿಷದಲ್ಲಿ ಮುಗಿಸಿದರೆ 180ರದ್ದಕ್ಕೆ ಸಿಗುವುದು 5 ನಿಮಿಷ 37 ಸೆಕೆಂಡ್. 90 ನಿಮಿಷ ತೆಗೆದುಕೊಂಡರೆ 12 ನಿಮಿಷ 39 ಸೆಕೆಂಡ್. ನೋಡಿ, ಗಾಳಿ ಇಲ್ಲದ ದಿನ ಎರಡರಷ್ಟಕ್ಕಿಂತ ಜಾಸ್ತಿ ಆಯಿತು.

ಮೇಲಿನ 650 ಬಗ್ಗೆ ಜಗಳ ಆಡಬೇಡಿ, ಅದನ್ನು ಬದಲಿಸಿದರೂ ಸ್ಥಾನ ಬದಲಾಗುವುದಿಲ್ಲ. ಆಟ ಇರುವುದು 550ರಲ್ಲಿ. ಗಾಳಿ ಕಡಿಮೆ ಇರುವ ಕಡೆ 600, ಜೋರಿರುವ ಕಡೆ 480 ಇಟ್ಟುಕೊಳ್ಳುವ ರೂಢಿಯೂ ಇದೆ. ಯಾವುದನ್ನು ಇಟ್ಟುಕೊಳ್ಳುತ್ತೀರೋ ಸೀಸನ್ ಶುರುವಾಗುವ ಮುಂಚೆ ಹೇಳಿಬಿಡಿ. ರೇಸ್ ಮುಗಿದ ಮೇಲೆ ಆರಿಸಿದರೆ ನಿಮ್ಮ ಗತಿ ದೇವರೇ ಬಲ್ಲ.

ಕೀಲ್‌ಕೆಳಗೆ:
ನಾನು ಗೆಲ್ಲುವವರ ಪರ, ಬೇಜಾರಾದರೂ ಪರವಾಗಿಲ್ಲ. ಪಿಎಚ್‌ಆರ್‌ಎಫ್ ಅಳೆಯುವುದು ದೋಣಿಯನ್ನು, ಓಡಿಸುವವರನ್ನಲ್ಲ. ತಳ ಸ್ವಚ್ಛವಾಗಿದೆ, ಹಾಯಿ ಚೆನ್ನಾಗಿದೆ, ಸಿಬ್ಬಂದಿಗೆ ಕೆಲಸ ಗೊತ್ತು ಅಂತ ಅಂದುಕೊಂಡೇ ಆ ಸಂಖ್ಯೆ ಕೊಟ್ಟಿರುತ್ತಾರೆ. ನೀವು ತಿಂಗಳುಗಟ್ಟಲೆ ದೋಣಿಯನ್ನು ನೀರಲ್ಲೇ ಬಿಟ್ಟು, ತಳಕ್ಕೆ ಪಾಚಿ ಹತ್ತಿಸಿಕೊಂಡು, ಪಕ್ಕದವರ ರೇಟಿಂಗ್ ಸರಿಯಿಲ್ಲ ಅಂದರೆ ಹೇಗೆ?

ಒಂದು ಸಲ ನೀರಿಗಿಳಿದು ದೋಣಿಯ ತಳಕ್ಕೆ ಅಂಗೈ ಸವರಿ ನೋಡಿ. ಲೋಳೆ ಕೈಗೆ ಹತ್ತಿದರೂ ಸಾಕು, ಸಣ್ಣ ಗಾಳಿಯಲ್ಲಿ ಅದು ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಚಿಪ್ಪುಹುಳ ಕೂತು ತಳ ಮರಳು ಕಾಗದದ ಹಾಗೆ ಆಗಿದ್ದರೆ ಕೇಳುವುದೇ ಬೇಡ. ಆಮೇಲೆ ಹಾಯಿ. ಹಳೇ ಬಟ್ಟೆ ಹಿಗ್ಗಿ, ಹೊಟ್ಟೆ ಹಿಂದಕ್ಕೆ ಸರಿದಿರುತ್ತದೆ. ಅಂಥ ಹಾಯಿಯಲ್ಲಿ ಗಾಳಿಗೆ ಎದುರಾಗಿ ಹೋಗುವಾಗ ದೋಣಿ ಮುಂದಕ್ಕೆ ಹೋಗುವುದಕ್ಕಿಂತ ಪಕ್ಕಕ್ಕೆ ವಾಲುವುದೇ ಜಾಸ್ತಿ.

12 ಸೆಕೆಂಡ್ ಇಳಿಸಿದರೆ ನೀವು ದಂಡ ಹಾಕುತ್ತಿರುವುದು ಅವರ ಶ್ರಮಕ್ಕೆ. ಅದೇ ದೋಣಿಯನ್ನು ನಾಳೆ ಹೊಸಬರಿಗೆ ಮಾರಿದರೆ? ಅವರಿಗೂ ಅದೇ ದಂಡವಾ?

ಸಂಜೆಗಾಳಿ:
ಇಬ್ಬರಿಗೂ ಥ್ಯಾಂಕ್ಸ್. ಕೀಲ್‌ಕೆಳಗೆ ಅವರೇ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ 36 ಅಡಿಯವರು ಮೂರು ರೆಕ್ಕೆಯ ಮಡಚಲಾಗದ ಪ್ರೊಪೆಲ್ಲರ್ ಎಳೆದುಕೊಂಡು ಬರುತ್ತಾರೆ, ಸ್ಪಿನೇಕರ್ (ಹಿಂಗಾಳಿಗೆ ಉಬ್ಬುವ ದೊಡ್ಡ ಹಾಯಿ) ಹಾರಿಸಲು ಕೈ ಸಾಲದು ಅಂತ ಜಿಬ್ ಮತ್ತು ಮೇನ್‌ಸೇಲ್, ಅಂದರೆ ಮುಂದಿನ ಹಾಯಿ ಮತ್ತು ಮುಖ್ಯ ಹಾಯಿ ಮಾತ್ರ ಹಾಕುತ್ತಾರೆ. ಅವರನ್ನೂ ತಳ ಉಜ್ಜಿ ಅನ್ನೋದಾ? ಇನ್ನೊಂದು ವಿಷಯ. ನಮ್ಮಲ್ಲಿ ಹೊತ್ತು ಮುಳುಗುವಾಗ ಗಾಳಿ ಬಿದ್ದುಹೋಗುತ್ತದೆ. ವೇಗದವರು ಅಷ್ಟರಲ್ಲಿ ಫಿನಿಶ್ ದಾಟಿ ಹಾಯಿ ಇಳಿಸಿರುತ್ತಾರೆ. 270ರವರು ಕೊನೆಯ ಮಾರ್ಕ್ (ಸುತ್ತಿ ತಿರುಗುವ ಗುರುತು) ಹತ್ತಿರ ಗಾಳಿಯಿಲ್ಲದೆ ನಿಂತಿರುತ್ತಾರೆ.

ಗಡಿಯಾರದವನು:
ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತು! ಹಾಗಿದ್ದರೆ ನಿಮ್ಮ ಅರ್ಧ ಸಮಸ್ಯೆ ರೇಟಿಂಗಿನದ್ದೇ ಅಲ್ಲ. ಯಾವ ಸೂತ್ರವಾದರೂ ಎಲ್ಲರಿಗೂ ಒಂದೇ ಗಾಳಿ ಸಿಕ್ಕಿತು ಅಂತಲೇ ನಂಬಿಕೊಂಡು ಕೂತಿರುತ್ತದೆ. ಒಬ್ಬರು ಗಾಳಿಯಲ್ಲಿ ಮುಗಿಸಿ, ಇನ್ನೊಬ್ಬರು ಗಾಳಿಯಿಲ್ಲದೆ ಮುಗಿಸಿದರೆ ಸಮಯದ ಲೆಕ್ಕವೂ ಅದನ್ನು ಪೂರ್ತಿ ಸರಿ ಮಾಡಲಾರದು.

ಕೋರ್ಸನ್ನು ಒಂದು ಉದ್ದ ಸುತ್ತಿನ ಬದಲು ಎರಡು ಮೂರು ಸಣ್ಣ ಸುತ್ತು ಮಾಡಿ. ಪ್ರತಿ ಸುತ್ತಿಗೂ ಎಲ್ಲರ ಸಮಯ ಬರೆದುಕೊಳ್ಳಿ. ಗಾಳಿ ಬೀಳುವ ಲಕ್ಷಣ ಕಂಡರೆ ಎಸ್ ಬಾವುಟ (ಕೋರ್ಸ್ ಮೊಟಕು ಅನ್ನುವ ಸೂಚನೆ) ಏರಿಸಿ ಅಲ್ಲೇ ಮುಗಿಸಿಬಿಡಿ. ಅದಕ್ಕೂ ಮುಂಚೆ ಸತ್ತುಹೋದರೆ ಹಿಂದಿನ ಸುತ್ತಿನ ಸಮಯವನ್ನೇ ಫಲಿತಾಂಶ ಅಂತ ತೆಗೆದುಕೊಳ್ಳಬಹುದು, ಆದರೆ ಆ ಮಾತು ನಿಮ್ಮ ರೇಸ್ ಸೂಚನೆಯಲ್ಲಿ ಮೊದಲೇ ಬರೆದಿರಬೇಕು.

ಪುಟ್ಟದೋಣಿ:
ಡಿಂಗಿ, ಅಂದರೆ ಪುಟ್ಟ ಹಾಯಿದೋಣಿ ಓಡಿಸುವವಳು ನಾನು, ಹಾಗಾಗಿ ನಮ್ಮ ಕಡೆಯ ಪದ್ಧತಿ ಹೇಳುತ್ತೇನೆ. ನಮ್ಮದು ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್. ತೆಗೆದುಕೊಂಡ ಸಮಯವನ್ನು ಸಾವಿರದಿಂದ ಗುಣಿಸಿ ದೋಣಿಯ ಸಂಖ್ಯೆಯಿಂದ ಭಾಗಿಸುವುದು. ಲೇಸರ್ ಅನ್ನುವ ಡಿಂಗಿಯ ಸಂಖ್ಯೆ ಸುಮಾರು 1100. ಬ್ರಿಟನ್ನಿನ ಹಾಯಿದೋಣಿ ಸಂಸ್ಥೆ ಆರ್‌ವೈಎ ಇದನ್ನು ಕ್ಲಬ್‌ಗಳು ಕಳಿಸುವ ಫಲಿತಾಂಶ ನೋಡಿ ತಿದ್ದುತ್ತಾ ಇರುತ್ತದೆ. ಸುತ್ತಿನ ಸರಾಸರಿ ಅಂತ ಒಂದು ವಿಧಾನವೂ ಇದೆ: ವೇಗದವರು ನಾಲ್ಕು ಸುತ್ತು, ನಿಧಾನದವರು ಮೂರು ಸುತ್ತು ಹಾಕುತ್ತಾರೆ, ಎಲ್ಲರನ್ನೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಿಲ್ಲಿಸಿ ಸುತ್ತಿಗೆ ಎಷ್ಟು ಸಮಯ ಅಂತ ಲೆಕ್ಕ ಹಾಕುತ್ತೇವೆ. ಎಲ್ಲರೂ ಒಂದೇ ಗಾಳಿಯಲ್ಲಿ ಒಂದೇ ಹೊತ್ತು ಓಡಿರುತ್ತಾರೆ, ದಡಕ್ಕೂ ಒಟ್ಟಿಗೇ ಬರುತ್ತಾರೆ. ಕತ್ತಲಲ್ಲಿ ಯಾರನ್ನೂ ಕಾಯಬೇಕಿಲ್ಲ.

ಸ್ಪಿನೇಕರ್ ಇಲ್ಲದವರಿಗೆ ಬೇರೆ ಗುಂಪು ಮಾಡಿ, ಐದು ನಿಮಿಷ ಬಿಟ್ಟು ಬೇರೆ ಸ್ಟಾರ್ಟ್ ಕೊಡಿ. ಸ್ಟಾರ್ಟ್‌ನಲ್ಲಿ 36 ಅಡಿಯ ದೋಣಿ ಮೇಲ್ಗಾಳಿಯ ಕಡೆ ಬಂದು ನಿಂತರೆ 22 ಅಡಿಯವರಿಗೆ ಹಾಯಿಗೆ ಗಾಳಿಯೇ ಸಿಗುವುದಿಲ್ಲ, ಪಟಪಟ ಬಡಿಯುತ್ತಾ ನಿಂತುಬಿಡುತ್ತದೆ. ಆ ನಷ್ಟ ಯಾವ ರೇಟಿಂಗಿನಲ್ಲೂ ಇಲ್ಲ.

ಅಡ್ಡಗಾಳಿ:
ಕೋರ್ಸಿನ ಆಕಾರ ಯಾರೂ ಹೇಳಲಿಲ್ಲವಲ್ಲ. ಬರೀ ಗಾಳಿಗೆ ಎದುರು ಹೋಗಿ ಹಿಂಗಾಳಿಯಲ್ಲಿ ಬರುವ ಕೋರ್ಸ್ ಇಟ್ಟರೆ ಕ್ರೂಸರ್‌ಗಳ ಕಥೆ ಮುಗಿಯಿತು. ಎದುರುಗಾಳಿಗೆ ಅವು ಅಷ್ಟು ಹತ್ತಿರ ಹೋಗಲಾರವು, ಸ್ಪಿನೇಕರ್ ಇಲ್ಲದೆ ಹಿಂಗಾಳಿಯಲ್ಲಿ ಸುಮ್ನೆ ತೂಗಾಡುತ್ತವೆ. ನಡುವೆ ಒಂದು ಉದ್ದನೆಯ ಅಡ್ಡಗಾಳಿಯ ದಾರಿ ಹಾಕಿ. ಅಲ್ಲಿ ನೀರಿಗೆ ತಾಗುವ ಉದ್ದ ಜಾಸ್ತಿ ಇರುವ ದೋಣಿ ಮಜವಾಗಿ ಓಡುತ್ತದೆ. ಭಾರದ ದೋಣಿಗಳಿಗೆ ಒಂದು ಅಂದಾಜಿದೆ: ನೀರಿಗೆ ತಾಗುವ ಉದ್ದ ಅಡಿಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಗರಿಷ್ಠ ವೇಗ ನಾಟ್‌ನಲ್ಲಿ ಸಿಗುತ್ತದೆ. 25 ಅಡಿಗೆ 6.7. ಹಗುರ ದೋಣಿ ನೀರಿನ ಮೇಲೆ ಜಾರಲು ಶುರು ಮಾಡಿದರೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅದು ಬೇರೆ ಮಾತು.

ಲಂಗರು:
ಸಂಜೆಗಾಳಿ ಅವರೇ, ಎಲ್ಲರೂ ಒಂದೇ ಪಟ್ಟಿಯಿಂದ ಎರಡು ಕೆಲಸ ಮಾಡಿಸಲು ಹೊರಟಿದ್ದೀರಿ. ಯಾವ ದೋಣಿ ತನ್ನ ಮಟ್ಟಕ್ಕೆ ಚೆನ್ನಾಗಿ ಓಡಿತು ಅನ್ನುವುದು ಒಂದು ಪ್ರಶ್ನೆ, ಈ ವಾರ ಯಾರು ಎಂದಿಗಿಂತ ಚೆನ್ನಾಗಿ ಓಡಿಸಿದರು ಅನ್ನುವುದು ಇನ್ನೊಂದು. ಎರಡು ಪಟ್ಟಿ ಹಾಕಿ. ಒಂದರಲ್ಲಿ ರೇಟಿಂಗ್ ಇದ್ದಹಾಗೇ ಇರಲಿ, ಯಾರೂ ಮುಟ್ಟಬೇಡಿ. ಇನ್ನೊಂದರಲ್ಲಿ ಪ್ರತಿ ರೇಸ್ ಆದಮೇಲೆ ಫಲಿತಾಂಶ ನೋಡಿ ಸಂಖ್ಯೆಯನ್ನು ಸ್ವಲ್ಪ ಏರಿಸಿ ಇಳಿಸಿ. ಐರ್ಲೆಂಡಿನ ಎಕೋ, ಆರ್‌ವೈಎಯ ಎನ್‌ಎಚ್‌ಸಿ ಎರಡೂ ಪದ್ಧತಿ ಇದೇ ಥರ, ಹಾಗಾಗಿ ಇದು ಹೊಸ ಹುಚ್ಚೇನೂ ಅಲ್ಲ. ಗೆಲ್ಲುವ ದೋಣಿಗೆ ಮೊದಲ ಪಟ್ಟಿಯ ಮರ್ಯಾದೆ ಉಳಿಯುತ್ತದೆ, 22 ಅಡಿಯವರಿಗೆ ಎರಡನೆಯದರಲ್ಲಿ ಆಸೆ ಉಳಿಯುತ್ತದೆ. ಒಂದು ಎಚ್ಚರ, ಒಂದೇ ಸಲ ದೊಡ್ಡ ತಿದ್ದುಪಡಿ ಬೇಡ. ಬೇಕಂತಲೇ ನಿಧಾನ ಓಡಿಸಿ ಸಂಖ್ಯೆ ಗಿಟ್ಟಿಸಿಕೊಳ್ಳುವವರು ಎಲ್ಲ ಕಡೆ ಇರುತ್ತಾರೆ.

ಸರಣಿಯ ಅಂಕಗಳನ್ನೂ ನೋಡಿಕೊಳ್ಳಿ. ರೇಸಿಂಗ್ ನಿಯಮಗಳ ಪ್ರಕಾರ ಸರಣಿಗೆ 15 ದೋಣಿ ಹೆಸರು ಕೊಟ್ಟಿದ್ದರೆ ಬರದವರಿಗೆ 16 ಅಂಕ (ಅಂಕ ಕಡಿಮೆ ಇದ್ದವರೇ ಮುಂದೆ), ಲೆಕ್ಕದಿಂದ ಬಿಡಬಹುದಾದದ್ದು ಒಂದೇ ಕೆಟ್ಟ ಫಲಿತಾಂಶ. ಕೆಲಸ, ಮಕ್ಕಳು ಅಂತ ಎರಡು ಬುಧವಾರ ತಪ್ಪಿಸಿಕೊಂಡವರು ಅಲ್ಲಿಗೇ ಹೊರಗೆ. ವಾರದ ರೇಸಿಗೆ ಇನ್ನೂ ಒಂದೆರಡು ಬಿಡಲು ಅವಕಾಶ ಕೊಡಿ, ನಿಯಮ ಅದನ್ನು ಒಪ್ಪುತ್ತದೆ.

ಸಂಜೆಗಾಳಿ:
ಎರಡು ಪಟ್ಟಿ, ಸಮಯದ ಲೆಕ್ಕ, ಸಣ್ಣ ಸುತ್ತು. ಇವನ್ನು ಮುಂದಿನ ಸಭೆಗೆ ಇಡುತ್ತೇನೆ. ನಿಧಾನದ ದೋಣಿ ಮೊದಲು ಹೊರಟು ವೇಗದ್ದು ಕೊನೆಗೆ ಹೊರಡುವ ರೇಸ್ ಒಂದು ವಾರ ಮಾಡೋಣ ಅಂತಲೂ ಇದೆ. ಅದಕ್ಕೆ ಹೊರಡುವ ಸಮಯ ಹೇಗೆ ಹಾಕೋದು?

ಗಡಿಯಾರದವನು:
ಅದು ಸುಲಭ. ನಿಮ್ಮ 270ರ ದೋಣಿಗೆ ಕೋರ್ಸ್ ಮುಗಿಸಲು 75 ನಿಮಿಷ ಬೇಕು ಅಂತ ಇಟ್ಟುಕೊಳ್ಳಿ. 75 ನಿಮಿಷ ಅಂದರೆ 4500 ಸೆಕೆಂಡ್, ಅದನ್ನು 820ರಿಂದ ಭಾಗಿಸಿ. 820 ಅಂದರೆ 550 ಮತ್ತು 270 ಸೇರಿಸಿದ್ದು. ಸುಮಾರು ಐದೂವರೆ ಸೆಕೆಂಡ್ ಬರುತ್ತದೆ. ರೇಟಿಂಗಿನಲ್ಲಿ ಒಂದೊಂದು ಸೆಕೆಂಡ್ ವ್ಯತ್ಯಾಸಕ್ಕೂ ಅಷ್ಟು ತಡವಾಗಿ ಹೊರಡಬೇಕು. 270 ಸೊನ್ನೆಗೆ ಹೊರಟರೆ 180 ಹೊರಡುವುದು 8 ನಿಮಿಷ 14 ಸೆಕೆಂಡಿಗೆ, 90 ಹೊರಡುವುದು 16 ನಿಮಿಷ 28 ಸೆಕೆಂಡಿಗೆ. ಅರ್ಧ ನಿಮಿಷಕ್ಕೆ ಹೊಂದಿಸಿ ಚೀಟಿಯಲ್ಲಿ ಬರೆದು ಪ್ರತಿ ದೋಣಿಗೂ ಕೊಟ್ಟುಬಿಡಿ. ಮೊದಲು ಗೆರೆ ದಾಟಿದವರೇ ಗೆದ್ದವರು, ನಿಮಗೆ ರಾತ್ರಿ ಲೆಕ್ಕ ಹಾಕುವ ಕೆಲಸವೂ ಇಲ್ಲ. ಫಿನಿಶ್ ಗೆರೆ ಮಾತ್ರ ಸ್ವಲ್ಪ ಉದ್ದ ಇಡಿ, ಎಲ್ಲರೂ ಒಟ್ಟಿಗೇ ಅಲ್ಲಿಗೆ ಬಂದು ನುಗ್ಗುತ್ತಾರೆ.