ರಷ್ಯನ್ ಪಿಯಾನೊ ಸಂಗೀತದ ಮೊದಲ ಆಲ್ಬಂ: ಬಳ್ಳಾರಿಯ ಮನೆಯಲ್ಲೇ ರೆಕಾರ್ಡ್ ಮಾಡಬಹುದೇ?

ಪ್ರಶ್ನೆ (ಬಳ್ಳಾರಿಯಿಂದ)

ಎಲ್ಲರಿಗೂ ನಮಸ್ಕಾರ. ಮೊದಲ ಆಲ್ಬಂ, ಬರೀ ರಷ್ಯನ್ ಸಂಗೀತ. ಪಟ್ಟಿ ಹೀಗಿದೆ: ರಾಕ್ಮನಿನೋವ್ ಸಿ ಶಾರ್ಪ್ ಮೈನರ್ ಪ್ರೆಲ್ಯೂಡ್ ಎಂಬ ಕಿರುಕೃತಿ (ಓಪಸ್ ಅಂದರೆ ಕೃತಿಸಂಖ್ಯೆ 3, ನಂ. 2), ಸ್ಕ್ರಿಯಾಬಿನ್ ಓಪಸ್ 11ರ 24 ಪ್ರೆಲ್ಯೂಡುಗಳು, ಚೈಕೋವ್‌ಸ್ಕಿಯ ಋತುಗಳ ಮಾಲೆಯಿಂದ ಜೂನ್ ಮತ್ತು ಅಕ್ಟೋಬರ್, ಕೊನೆಗೆ ಪ್ರೊಕೋಫಿಯೆವ್ ಟೊಕಾಟಾ ಎಂಬ ವೇಗದ ಕೃತಿ. ಒಟ್ಟು 50 ನಿಮಿಷದ ಆಸುಪಾಸು. ವಾದ್ಯ 121 ಸೆಂ.ಮೀ. ಎತ್ತರದ ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ ಪಿಯಾನೊ). ಒಂದು ಜೊತೆ ಕಂಡೆನ್ಸರ್ ಮೈಕ್, ಅವನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಇಂಟರ್‌ಫೇಸ್ ಇವೆ. ಬೇಸಿಗೆ ರಜೆಯಲ್ಲಿ ಮನೆಯ ಹಾಲ್‌ನಲ್ಲೇ ಮುಗಿಸುವ ಯೋಚನೆ. ಏನು ಬದಲಿಸಬೇಕು? ಕಾಪಿರೈಟ್ ತೊಡಕು ಬರುತ್ತದೆಯೇ?

ಉತ್ತರ (ರಾಯಚೂರಿನಿಂದ)

ಮೊದಲು ತಿಂಗಳು ಬದಲಿಸ್ರಿ. ಪಿಯಾನೊಕ್ಕೆ ಶೇ. 45ರಿಂದ 55 ತೇವಾಂಶ ಬೇಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟ್ತದ, ಗಾಳಿ ಪೂರಾ ಒಣಗಿರ್ತದ. ಸೌಂಡ್‌ಬೋರ್ಡ್ (ನಾದ ಹೊಮ್ಮಿಸೋ ಮರದ ಹಲಗೆ) ಒಣಗಿ ಉಬ್ಬು ಕಳಕೊಂಡ್ರೆ ಅದರ ಮೇಲಿನ ಬ್ರಿಡ್ಜ್ ಅನ್ನೋ ಮರದ ಪಟ್ಟಿ ತಂತಿಗೆ ಒತ್ತೋದು ಕಡಿಮೆ ಆಗಿ ಶ್ರುತಿ ಇಳೀತದ. ಎಲ್ಲಾ ತಂತಿ ಒಂದೇ ಸಮ ಇಳಿದಿದ್ರೆ ತಡಕೊಬಹುದಿತ್ತು. ಆದ್ರೆ ನಡುಸ್ಥಾಯಿ ಜಾಸ್ತಿ, ಮಂದ್ರ ಕಡಿಮೆ ಇಳೀತದ, ಹಿಂಗಾಗಿ ಆಕ್ಟೇವ್‌ಗಳೇ ಹೊಂದಂಗಿಲ್ಲ. ಮ್ಯಾಲೆ ಮನೆಯೊಳಗ ಕೂಲರ್ ಇದ್ರಂತೂ ಮುಗೀತು: ಹಾಕಿದಾಗ ತೇವ ಏರ್ತದ, ಆರಿಸಿದಾಗ ಇಳೀತದ, ಬೆಳಿಗ್ಗಿನ ಟೇಕ್‌ಗೆ ಸಂಜೀದು ಕೂಡಂಗಿಲ್ಲ. ಡಿಸೆಂಬರ್, ಜನವರಿ ಇಟ್ಕೊಳ್ರಿ. ಫ್ಯಾನ್ ಇಲ್ಲದೇ ಕೂಡಬಹುದು, ಅದೇ ದೊಡ್ಡ ಲಾಭ. ತೇವಾಂಶ ಅಳೆಯೋ ಸಣ್ಣದೊಂದು ಹೈಗ್ರೋಮೀಟರ್ ತಂದು ಪಿಯಾನೊ ಪಕ್ಕ ಈಗಿಂದಲೇ ಇಡ್ರಿ.

ಟ್ಯೂನರ್ ಬೆಂಗಳೂರಿಂದ ಬರೋರಾದ್ರೆ ಎರಡು ಸಲ ಕರೆಸ್ಬೇಕು. ಬಹಳ ದಿನದಿಂದ ಶ್ರುತಿ ಮಾಡಿಲ್ಲದ ವಾದ್ಯ 20 ಸೆಂಟ್ (ಸೆಂಟ್ ಅಂದ್ರೆ ಅರ್ಧಸ್ವರದ ನೂರರಲ್ಲೊಂದು ಪಾಲು) ಇಳಿದಿದ್ರೆ, ಒಮ್ಮೆಲೇ ಎ 440ಕ್ಕೆ (ಎ ಸ್ವರ 440 ಹರ್ಟ್ಸ್ ಇರೋ ಮಾಮೂಲಿ ಶ್ರುತಿ) ಎಳೆದದ್ದು ನಿಲ್ಲಂಗಿಲ್ಲ. ಒಂದು ಕಡೆ ಬಿಗಿ ಏರಿದಂಗೆ ಸೌಂಡ್‌ಬೋರ್ಡ್ ಕುಸಿದು, ಮೊದಲು ಮುಟ್ಟಿದ ತಂತಿ ಮತ್ತೆ ಇಳೀತಾವ. ಮೊದಲ ಸಲ ಎತ್ತಿಸಿ, ಎರಡು ಮೂರು ವಾರ ನುಡಿಸಿ, ರೆಕಾರ್ಡಿಂಗ್ ಹಿಂದಿನ ದಿನ ಎರಡನೇ ಸಲ ಮಾಡಿಸ್ರಿ. ಆ ದಿನವೇ ಪೆಡಲ್‌ನ ಕಿರಕಿರಿ, ಬೆಂಚಿನ ಬೋಲ್ಟ್ ಸಡಿಲ ಎರಡೂ ನೋಡಿಸ್ರಿ. ಮೈಕ್‌ಗೆ ಮೊದಲು ಕೇಳೋದು ಅವೇ.

ಮನೆಯ ಅಪ್‌ರೈಟ್‌ನಲ್ಲಿ ಟೊಕಾಟಾ ಬೇಡ್ರಿ. ಶುರುವಿಂದಲೇ ಒಂದೇ ಡಿ ಸ್ವರ ಮತ್ತೆ ಮತ್ತೆ ಬಡೀಬೇಕು. ಗ್ರ್ಯಾಂಡ್‌ನಲ್ಲಿ (ತಂತಿ ಅಡ್ಡ ಮಲಗಿರೋ ದೊಡ್ಡ ಪಿಯಾನೊ) ಪಿಯಾನೊ ತಯಾರಕ ಎರಾರ್ 1821ರಲ್ಲಿ ತಂದ ಡಬಲ್ ಎಸ್ಕೇಪ್‌ಮೆಂಟ್ ಇರ್ತದ, ಕೀ ಪೂರ್ತಿ ಮೇಲೆ ಬರೋ ಮೊದಲೇ ಮತ್ತೆ ಹೊಡೀಬಹುದು. ಸಾಮಾನ್ಯ ಅಪ್‌ರೈಟ್‌ನಲ್ಲಿ ಅದಿಲ್ಲ. ವೇಗ ಏರಿಸಿದ್ರೆ ಸ್ವರ ನುಂಗ್ತದ. ಅದು ಬೆರಳಿನ ತಪ್ಪಲ್ಲ, ಎಷ್ಟು ಅಭ್ಯಾಸ ಮಾಡಿದ್ರೂ ಹೋಗಂಗಿಲ್ಲ. ಟೊಕಾಟಾ, ರಾಕ್ಮನಿನೋವ್ ಎರಡನ್ನೂ ಬೆಂಗಳೂರಿನಲ್ಲಿ ಗ್ರ್ಯಾಂಡ್ ಇರೋ ಸ್ಟುಡಿಯೋದಲ್ಲಿ ಮಾಡ್ರಿ.

ಉತ್ತರ (ಕೊಪ್ಪಳದಿಂದ)

ಋತುವಿನ ಮಾತು, ಟೊಕಾಟಾ ಮಾತು ಎರಡೂ ಸರಿ. ಆದರೆ ಎರಡು ಪಿಯಾನೊ ಬೆರೆಸುವುದಕ್ಕೆ ನಾನು ಒಪ್ಪುವುದಿಲ್ಲ ಸರ್. ಕೇಳುವವರಿಗೆ ನಡುವೆ ಯಾರೋ ಕೋಣೆ ಬದಲಿಸಿದ ಹಾಗೆ ಅನ್ನಿಸುತ್ತದೆ. ಟೊಕಾಟಾ ಜಾಗಕ್ಕೆ ರಾಕ್ಮನಿನೋವ್ ಓಪಸ್ 32ರ ಜಿ ಮೇಜರ್ (ನಂ. 5), ಜಿ ಶಾರ್ಪ್ ಮೈನರ್ (ನಂ. 12) ಹಾಕಿ. 1910ರವು, ಅಪ್‌ರೈಟ್‌ಗೆ ಒಗ್ಗುತ್ತವೆ. ಸಿ ಶಾರ್ಪ್ ಮೈನರ್ ಮನೆಯಲ್ಲೇ ಆಗುತ್ತದೆ. ಕೊನೆಯ ಭಾಗವನ್ನು ನಾಲ್ಕು ಸಾಲಿನಲ್ಲಿ ಬರೆದಿದ್ದಾನೆ ಅಂತ ನಾಲ್ಕರಷ್ಟು ಬಲ ಹಾಕಿದರೆ ಮಾತ್ರ ಗಿಡ್ಡ ಮಂದ್ರ ತಂತಿಗಳು ಬರೀ ಲೋಹದ ಸದ್ದು ಮಾಡುತ್ತವೆ. ಮಂದ್ರ ತುಸು ಹಿಡಿದು, ಮೇಲಿನ ಸ್ವರ ಎತ್ತಿ.

ಮೈಕ್: ವಾದ್ಯವನ್ನು ಗೋಡೆಯಿಂದ ಒಂದು ಮೀಟರ್ ಮುಂದೆ ತನ್ನಿ. ಮೇಲಿನ ಮುಚ್ಚಳ ತೆರೆದು ಮುಂದಿನ ಹಲಗೆ ತೆಗೆಯಿರಿ. ಮೈಕ್ ಓಮ್ನಿ (ಎಲ್ಲಾ ದಿಕ್ಕಿನಿಂದಲೂ ಕೇಳುವುದು) ಆದರೆ ನಡುವೆ 40–50 ಸೆಂ.ಮೀ. ಬಿಟ್ಟು, ನುಡಿಸುವವರ ಭುಜದ ಹಿಂದೆ, ತಲೆಗಿಂತ ಸ್ವಲ್ಪ ಮೇಲೆ. ಕಾರ್ಡಿಯಾಯ್ಡ್ (ಮುಖ್ಯವಾಗಿ ಮುಂದಿನ ಸದ್ದು ಕೇಳುವುದು) ಆದರೆ ಓಆರ್‌ಟಿಎಫ್ ಎಂಬ ಜೋಡಣೆ: ಮೈಕ್‌ಗಳ ನಡುವೆ 17 ಸೆಂ.ಮೀ., ಕೋನ 110 ಡಿಗ್ರಿ. ಪಿಯಾನೊ ಒಳಗೆ ತೂರಿಸಬೇಡಿ, ತಂತಿಗೆ ಬಡಿಯುವ ಹ್ಯಾಮರ್‌ನ ಟಕಟಕವೇ ಮುಂದೆ ಬರುತ್ತದೆ. 24 ಬಿಟ್, 96 ಕಿಲೋಹರ್ಟ್ಸ್. ಅತಿ ಜೋರಿನ ಜಾಗ ನುಡಿಸಿ ನೋಡಿ, ಮೀಟರ್ ಮೈನಸ್ 10 ಡಿಬಿ ದಾಟದಂತೆ ಗೇನ್ (ಮೈಕ್ ಸದ್ದಿನ ಮಟ್ಟ) ಇಟ್ಟು ಆಮೇಲೆ ಮುಟ್ಟಲೇಬೇಡಿ.

ಪ್ರಶ್ನೆ ಕೇಳಿದವರು

ಟೊಕಾಟಾ ಕೈಬಿಟ್ಟೆ. ಮನೆಯಿಂದ ಸ್ವಲ್ಪ ದೂರದಲ್ಲೇ ಅದಿರಿನ ಗೂಡ್ಸ್ ರೈಲು ಓಡುತ್ತದೆ. ಇನ್ವರ್ಟರ್ ಗುಂಯ್ ಅನ್ನುವುದೂ ಇದೆ. ಆಮೇಲೆ ಲೋ ಕಟ್ (ಮಂದ್ರದ ಸದ್ದು ಕತ್ತರಿಸುವ ಫಿಲ್ಟರ್) ಹಾಕಿದರೆ ಹೋಗುತ್ತದಲ್ಲವೇ?

ಉತ್ತರ (ಕೊಪ್ಪಳದಿಂದ)

ಇಲ್ಲ. 80 ಹರ್ಟ್ಸ್‌ನಲ್ಲಿ ಕತ್ತರಿಸಿದರೆ ಸಿ ಶಾರ್ಪ್ ಮೈನರ್ ಪ್ರೆಲ್ಯೂಡಿನ ಗಂಟೆಯಂಥ ನಾದವೇ ಹೋಯಿತು. ಮಂದ್ರದ ಸಿ ಶಾರ್ಪ್ ಆಕ್ಟೇವ್‌ನ ಮೂಲಸ್ವರಗಳು ಸುಮಾರು 35 ಮತ್ತು 69 ಹರ್ಟ್ಸ್. 20–25ಕ್ಕಿಂತ ಮೇಲೆ ಏರಿಸಬೇಡಿ. ರೈಲು ಬಂದರೆ ನಿಲ್ಲಿಸಿ, ಹೋದ ಮೇಲೆ ನಾಲ್ಕು ಬಾರ್ ಹಿಂದಿನಿಂದ ಮತ್ತೆ ನುಡಿಸಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಲಿ, ಇನ್ವರ್ಟರ್ ಆರಿಸಿಡಿ, ಫ್ರಿಜ್ ಕೂಡ. ಪ್ರತಿ ಸೆಷನ್‌ನಲ್ಲಿ ಅರ್ಧ ನಿಮಿಷ ಖಾಲಿ ಕೋಣೆಯ ಸದ್ದು ತುಂಬಿಸಿಕೊಳ್ಳಿ, ಟ್ರ್ಯಾಕ್ ನಡುವೆ ಅದನ್ನೇ ಇಡಬೇಕು. ಜೋಡಣೆ ಯಾವಾಗಲೂ ಹೊಸ ಸ್ವರ ಬೀಳುವ ಕ್ಷಣಕ್ಕೆ ಸ್ವಲ್ಪ ಮುಂಚೆ, 10 ಮಿಲಿಸೆಕೆಂಡ್ ಕ್ರಾಸ್‌ಫೇಡ್ (ಒಂದು ಟೇಕ್ ಇಳಿಯುತ್ತ ಇನ್ನೊಂದು ಏರುವುದು). ಸ್ವರ ಆರುತ್ತಿರುವಾಗ ಕತ್ತರಿಸಿದರೆ, ಪೆಡಲ್ ಎರಡು ಟೇಕ್‌ನಲ್ಲಿ ಬೇರೆ ಇದ್ದದ್ದು ಬಯಲಾಗುತ್ತದೆ. ಜೋರು-ಮೆಲುವಿನ ಅಂತರ ಕುಗ್ಗಿಸುವ ಕಂಪ್ರೆಸರ್ ಬೇಡ. ಸ್ಕ್ರಿಯಾಬಿನ್‌ನ ಒಂದು ನಿಮಿಷದ ಪ್ರೆಲ್ಯೂಡುಗಳನ್ನು ಎಡಿಟ್ ಮಾಡುವುದಕ್ಕಿಂತ ಇಡೀ ಮತ್ತೆ ನುಡಿಸುವುದೇ ಸುಲಭ.

ಉತ್ತರ (ಬಳ್ಳಾರಿಯಿಂದ, ಇನ್ನೊಬ್ಬರು)

ಕಾಪಿರೈಟ್ ಬಗ್ಗೆ: ಭಾರತದಲ್ಲಿ ಸಂಗೀತ ರಚಿಸಿದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಚೈಕೋವ್‌ಸ್ಕಿ 1893, ಸ್ಕ್ರಿಯಾಬಿನ್ 1915, ರಾಕ್ಮನಿನೋವ್ 1943. ಮೂವರದ್ದೂ ಮುಗಿದಿದೆ. ಯುರೋಪಿನ 70 ವರ್ಷವೂ ದಾಟಿದೆ. ಶೋಸ್ತಕೋವಿಚ್ ಸೇರಿಸುವ ಆಸೆ ಬಂದರೆ ತಡೆಯಿರಿ, ತೀರಿಕೊಂಡದ್ದು 1975ರಲ್ಲಿ.

ಪ್ರತಿ ಟ್ರ್ಯಾಕ್‌ಗೂ ಒಂದು ಐಎಸ್‌ಆರ್‌ಸಿ (ರೆಕಾರ್ಡಿಂಗ್ ಗುರುತಿಸುವ ಅಂತರರಾಷ್ಟ್ರೀಯ ಕೋಡ್) ಬೇಕು, 12 ಅಕ್ಷರ-ಅಂಕಿಯದು. 24 ಪ್ರೆಲ್ಯೂಡ್ ಅಂದರೆ 24 ಕೋಡ್, ಇಡೀ ಓಪಸ್‌ಗೆ ಒಂದೇ ಅಲ್ಲ. ಹೆಸರಿನಲ್ಲಿ ಓಪಸ್, ಸಂಖ್ಯೆ, ಸ್ವರ ಮೂರೂ ಇರಲಿ. ಕಂಪೋಸರ್ ಜಾಗದಲ್ಲಿ ನಿಮ್ಮ ಹೆಸರು ಬೀಳದಂತೆ ನೋಡಿಕೊಳ್ಳಿ. ಯೂಟ್ಯೂಬ್‌ಗೆ ಹಾಕಿದಾಗ ಬೇರೆ ಯಾರದೋ ರೆಕಾರ್ಡಿಂಗ್‌ಗೆ ತಾಳೆಯಾಗಿ ಕ್ಲೇಮ್ ಬರಬಹುದು. ಸ್ವಂತ ವಾದನ, ಹಕ್ಕು ಮುಗಿದ ರಚನೆ ಎಂದು ಡಿಸ್ಪ್ಯೂಟ್ ಹಾಕಿ. ಅದಕ್ಕೆ ಆಧಾರವಾಗಿ ಎಡಿಟ್ ಮಾಡದ ಮೂಲ ಫೈಲುಗಳನ್ನು ಎರಡು ಕಡೆ ಉಳಿಸಿಕೊಂಡಿರಿ.