ಪಿ0352: ಹೊಸ ಕಾಯಿಲ್ ಹಾಕಿದ್ರೂ ಅದೇ ಕೋಡ್

ಪ್ರಶ್ನೆ (ಹಡಪ್ಸರ್, ಪುಣೆ)
ನಮಸ್ಕಾರ ರೀ. 4 ಸಿಲಿಂಡರ್ ಪೆಟ್ರೋಲ್ ಗಾಡಿ, ಪ್ಲಗ್ ಮೇಲೇ ಕೂತು ಕಿಡಿಗೆ ಕರೆಂಟ್ ಕೊಡೋ 3 ಪಿನ್ ಕಾಯಿಲ್. ಜೋರು ಮಳೆ ಆದ್ಮೇಲೆ ಐಡಲ್‌ನಲ್ಲಿ ಗಡಗಡ ನಡುಗುತ್ತೆ. ಕಾತ್ರಜ್ ಘಾಟ್ ಏರುವಾಗ ಚೆಕ್ ಎಂಜಿನ್ ಲೈಟ್ ಮಿಣುಕುತ್ತೆ. ಸ್ಕ್ಯಾನರ್‌ನಲ್ಲಿ ಬಂದ ದೋಷದ ಕೋಡ್ ಪಿ0352, ಪಿ0302. 2ನೇ ಕಾಯಿಲ್ ಹೊಸದು ಹಾಕಿಸಿದ್ರೂ ಎರಡೇ ದಿನಕ್ಕೆ ಅದೇ ಕಥೆ. ಈಗ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಬದಲಿಸಿ ಅಂತಾರೆ. ಮಾಡಿಸಲಾ?

ಉತ್ತರ (ಚಿಂಚವಾಡ)
ಇಸಿಯುಗೆ ಈಗಲೇ ಕೈ ಹಾಕಬೇಡಿ ಸರ್. ಪಿ0302 ಅಂದ್ರೆ 2ನೇ ಸಿಲಿಂಡರ್ ಸರಿಯಾಗಿ ಉರೀತಿಲ್ಲ ಅಷ್ಟೇ. ಪ್ಲಗ್, ಇಂಜೆಕ್ಟರ್, ಕಂಪ್ರೆಶನ್ ಯಾವುದರ ತಪ್ಪೂ ಇರಬಹುದು. ಪಿ0352 ಬಂದಿದೆ ಅಂದ್ರೆ ಆ ಕಾಯಿಲ್‌ನ ಸರ್ಕ್ಯೂಟ್ ಮೇಲೇ ಅನುಮಾನ.

ಕೀ ಆಫ್ ಮಾಡಿ, ಎಂಜಿನ್ ತಣ್ಣಗಾದ ಮೇಲೆ 2 ಮತ್ತು 3ನೇ ಕಾಯಿಲ್ ಅದಲುಬದಲು ಮಾಡಿ. ಪ್ಲಗ್ಗಿಗೆ ಕೂರೋ ರಬ್ಬರ್ ಬೂಟನ್ನು ಸ್ವಲ್ಪ ತಿರುಗಿಸಿ ಎತ್ತಿ, ಜಗ್ಗಿದ್ರೆ ಹರಿಯುತ್ತೆ. ಕೋಡ್ ಅಳಿಸಿ ಓಡಿಸಿ. ಪಿ0353 (3ನೇ ಕಾಯಿಲ್‌ನ ಕೋಡ್) ಬಂದ್ರೆ ಕಾಯಿಲ್ ಕೆಟ್ಟಿದೆ. ಪಿ0352 ಅಲ್ಲೇ ನಿಂತ್ರೆ ಮೊದಲು ವೈರ್, ಕನೆಕ್ಟರ್ ನೋಡಿ. ಕಾಯಿಲ್‌ನ ಓಮ್ ಅಳೆಯೋಕೆ ಹೋಗಬೇಡಿ. ಒಳಗೇ ಇಗ್ನೈಟರ್ (ಕಾಯಿಲ್ ಆನ್-ಆಫ್ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್) ಇರೋ 3 ಪಿನ್ನಿನದರಲ್ಲಿ ಆ ಲೆಕ್ಕ ಏನೂ ಹೇಳಲ್ಲ.

ಉತ್ತರ (ಠಾಣೆ)
ಮೇಲಿನವರು ಹೇಳಿದ್ದು ಸರಿ. ಮುಂದಿನ ಹೆಜ್ಜೆಯಲ್ಲೇ ಎಲ್ಲರೂ ಎಡವೋದು. ಮೂರು ಪಿನ್ ಅಂದ್ರೆ 12 ವೋಲ್ಟ್ ಸಪ್ಲೈ, ಅರ್ತ್, ಟ್ರಿಗರ್ (ಕಿಡಿ ಹಾರಿಸು ಅಂತ ಇಸಿಯು ಕಳಿಸೋ ಸಿಗ್ನಲ್). ಯಾವುದು ಎಲ್ಲಿ ಅಂತ ವೈರಿಂಗ್ ಚಿತ್ರ ನೋಡಿ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ರೆ 12 ತೋರಿಸುತ್ತೆ, "ಸಪ್ಲೈ ಸರಿ ಇದೆ" ಅಂತ ಮುಂದೆ ಹೋಗ್ತಾರೆ. ವೈರಿನೊಳಗೆ ಒಂದೇ ಎಳೆ ತಾಮ್ರ ಉಳಿದಿದ್ರೂ ಮೀಟರ್ 12 ಅನ್ನುತ್ತೆ! ಅದಕ್ಕೇ ಲೋಡ್ ಕೊಡಿ: ಇಂಡಿಕೇಟರ್‌ನ 21 ವ್ಯಾಟ್ ಬಲ್ಬನ್ನು ಸಪ್ಲೈ ಮತ್ತು ಅರ್ತ್ ಪಿನ್ ನಡುವೆ ಹಿಡಿದು, ಕೀ ಆನ್ ಮಾಡಿ ವೈರ್ ಅಲುಗಾಡಿಸಿ. ಬೆಳಕು ಕುಗ್ಗಿದ್ರೆ ಕಳ್ಳ ಸಿಕ್ಕ. ಟ್ರಿಗರ್ ಪಿನ್ನಿಗೆ ಮಾತ್ರ ಬಲ್ಬ್ ಮುಟ್ಟಿಸಬೇಡಿ, ಇಸಿಯು ಡ್ರೈವರ್ ಸುಡಬಹುದು. ಅಲ್ಲಿಗೆ ಎಲ್‌ಇಡಿ ಟೆಸ್ಟರ್, ಸೆಲ್ಫ್ ಹೊಡೆದಾಗ ಮಿಣುಕಬೇಕು.

ಪಿನ್ನಿನ ಬುಡದಲ್ಲಿ ಹಸಿರು ಪುಡಿ ಇದೆಯಾ ನೋಡಿ. ದಪ್ಪ ಪ್ರೋಬ್ ತುರುಕಿ ಪಿನ್ ಅಗಲ ಆಗಿರೋದೂ ಉಂಟು.

ಪ್ರಶ್ನೆ ಕೇಳಿದವರು
ಅದಲುಬದಲು ಮಾಡಿದ್ರೂ ಪಿ0352. ಮೀಟರ್‌ನಲ್ಲಿ 12.3, ಬಲ್ಬ್ ಮಾತ್ರ ಕೆಂಡದ ಹಾಗೆ ಮಂಕು. ಅರ್ತ್ ಪಿನ್ ಬಿಟ್ಟು ಬ್ಯಾಟರಿ ಮೈನಸ್‌ಗೆ ಹಿಡಿದ್ರೂ ಮಂಕೇ. ಕನೆಕ್ಟರ್ ಹಿಂದೆ ನಾಲ್ಕು ಬೆರಳು ದೂರದಲ್ಲಿ, ವೈರ್ ಬಾಗೋ ಕಡೆ ಒತ್ತಿದ್ರೆ ಝಗ್ ಅಂತ ಹತ್ತುತ್ತೆ.

ಉತ್ತರ (ಠಾಣೆ)
ಹಾಗಾದ್ರೆ ಸಪ್ಲೈ ವೈರೇ. ಬ್ಯಾಟರಿ ಮೈನಸ್ ಕಳಚಿ, ತಾಮ್ರ ಫಳಫಳ ಕಾಣೋವರೆಗೂ ಕತ್ತರಿಸಿ. ಕಪ್ಪಾಗಿರೋ ಎಳೆಗೆ ಬೆಸುಗೆ ಹಿಡಿಯಲ್ಲ. ಅದೇ ದಪ್ಪದ ವೈರ್ ಸೇರಿಸಿ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯೋ ಕೊಳವೆ) ಹಾಕಿ. ತಿರುಚಿ ಟೇಪ್ ಸುತ್ತಿದ್ರೆ ಮುಂದಿನ ಮಳೆಗೆ ಮತ್ತೆ ಇಲ್ಲೇ ಬರ್ತೀರಿ. ಕನೆಕ್ಟರ್ ಲಾಕ್ ಮುರಿದಿದ್ರೆ ಪುಣೆಯ ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ವೈರ್ ಸಮೇತ ಕೇಳಿ ನೋಡಿ. ಬಣ್ಣ ನೋಡಿ ಜೋಡಿಸಬೇಡಿ, ಪಿನ್ನಿನ ಜಾಗ ನೋಡಿ.

ಉತ್ತರ (ಚಿಂಚವಾಡ)
ಅಲ್ಲೀವರೆಗೂ ಘಾಟ್ ಹತ್ತಿಸಬೇಡಿ. ಲೈಟ್ ಮಿಣುಕ್ತಿದ್ರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತೆ. ಅದು ಕರಗಿದ್ರೆ ಇಸಿಯು ಖರ್ಚೇ ಸಣ್ಣದು ಅನಿಸೀತು.